ಯುಪಿಎಸ್ ಮೇಲೆ ಆರ್ ನಂಬರ್ ಇದೆ ಎಂದು ನಂಬಬೇಡಿ, ಆ ನಂಬರ್ ಯಾರದ್ದೆಂದು ಮೊದಲು ನೋಡಿ

ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಳೆಗಾಲಕ್ಕೆಂದು ಶಿವಮೊಗ್ಗದಿಂದ ಹೊಸ ಯುಪಿಎಸ್ ತಂದವರು, ತರಬೇಕೆಂದು ದುಡ್ಡು ಹೊಂದಿಸಿಟ್ಟವರು ತಪ್ಪದೇ ಓದಿ. ಗೋಡೆಯಿಂದ ಕಿತ್ತು ಕೈಯಲ್ಲಿ ಹಿಡಿದಿದ್ದ ಪ್ಲಗ್ಗಿನ ಪಿನ್ನಿನಿಂದ ನನ್ನ ಮಗಳಿಗೆ ಕರೆಂಟ್ ಹೊಡೆದಿದೆ. ಅದೂ ಊರಿಗೆ ಊರೇ ಕತ್ತಲಲ್ಲಿದ್ದಾಗ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಳಗಿನ ಊರು. ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ಕಡೆ ಕರೆಂಟಿನ ಕಥೆ ಏನೆಂದು ನಿಮಗೇ ಗೊತ್ತು. ಒಂದು ಕಡೆ ತಂತಿ ಕಟ್ಟುವಷ್ಟರಲ್ಲಿ ಇನ್ನೊಂದು ಕಡೆ ಮರ ಬಿದ್ದಿರುತ್ತದೆ. ಮಗಳು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಯುಪಿಎಸ್ ಇಲ್ಲದೆ ನಡೆಯುವುದಿಲ್ಲ. ಹಳೆಯದು ಸಿಡಿಲಿಗೆ ಸುಟ್ಟುಹೋಗಿತ್ತು, ಬ್ಯಾಟರಿ ಮಾತ್ರ ಚೆನ್ನಾಗಿತ್ತು. ಹಾಗಾಗಿ ಪೆಟ್ಟಿಗೆಯೊಂದನ್ನೇ ತರಲು ನಾನೂ ಯಜಮಾನರೂ ಶಿವಮೊಗ್ಗಕ್ಕೆ ಹೋದೆವು. ಅಂಗಡಿಯ ಹೆಸರು ಇಲ್ಲಿ ಬರೆಯುವುದಿಲ್ಲ, ದೂರು ಕೊಟ್ಟಾಗಿದೆ.

ಅಂಗಡಿಯಲ್ಲಿ ನಾನು ಕೇಳಿದ ಮೊದಲ ಪ್ರಶ್ನೆಯೇ ಐಎಸ್‌ಐ ಗುರುತು ಇದೆಯೇ ಎಂದು. ಆತ ಕೊಟ್ಟ ಉತ್ತರ ಇನ್ನೂ ಕಿವಿಯಲ್ಲಿದೆ. "ಅಮ್ಮಾ, ಯುಪಿಎಸ್‌ಗೆ ಐಎಸ್‌ಐ ಬರುವುದಿಲ್ಲ, ಆರ್ ನಂಬರ್ ಬರುತ್ತದೆ. ಇಗೋ ನೋಡಿ, ಸರ್ಕಾರದ್ದೇ ನಂಬರ್. ಪಕ್ಕದಲ್ಲಿ ಸಿಇ ಕೂಡ ಇದೆ. ಸಿಇ ಎಂದರೆ ಐಎಸ್‌ಐಗಿಂತ ಮೇಲಿನದು, ಜರ್ಮನಿಯವರೇ ಒಪ್ಪಿದ ಮಾಲು."

ಇದರಲ್ಲಿ ಅರ್ಧ ಮಾತು ನಿಜ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಗೀಸರ್, ಇಸ್ತ್ರಿಪೆಟ್ಟಿಗೆಗಳ ಮೇಲೆ ನಾವು ನೋಡುವ ಐಎಸ್‌ಐ ಗುರುತು ಬೇರೆ, ಎಲೆಕ್ಟ್ರಾನಿಕ್ ಸಾಮಾನಿನ ನೋಂದಣಿ ಬೇರೆ. 2012ರ ಆದೇಶದಿಂದ ಶುರುವಾದ ಕಡ್ಡಾಯ ನೋಂದಣಿ ಪದ್ಧತಿಗೆ ಮೊಬೈಲ್, ಅಡಾಪ್ಟರ್, ಪವರ್ ಬ್ಯಾಂಕ್, ಎಲ್‌ಇಡಿ ಬಲ್ಬ್ ಎಲ್ಲ ಸೇರುತ್ತಾ ಬಂದವು. 5 ಕೆವಿಎ ಸಾಮರ್ಥ್ಯದವರೆಗಿನ ಯುಪಿಎಸ್, ಇನ್ವರ್ಟರ್‌ಗಳೂ ಅದರಲ್ಲಿವೆ. ತಯಾರಕರು ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋ, ಮಾನ್ಯ ಮಾಡಿದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ ನೋಂದಣಿ ಪಡೆಯಬೇಕು. ಪೆಟ್ಟಿಗೆಯ ಮೇಲೆ ಬಿಐಎಸ್ ಗುರುತು, ಐಎಸ್ 16242 ಎಂಬ ಮಾನಕದ ಸಂಖ್ಯೆ, ಆರ್ ಅಕ್ಷರದ ನಂತರ ಎಂಟು ಅಂಕಿಗಳು ಇರಬೇಕು. ಅದೇ ಆರ್ ನಂಬರ್. ಆ ಅಂಗಡಿಯವರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಗೊತ್ತಿದ್ದೇ ಮಾಡಿದ್ದಾರೆ. ಗಿರಾಕಿ ನಂಬರ್ ಇದೆಯೇ ಎಂದು ನೋಡುತ್ತಾರೆ, ನಂಬರ್ ಯಾರದ್ದೆಂದು ನೋಡುವುದಿಲ್ಲ ಎಂಬುದೂ ಅವರಿಗೆ ಗೊತ್ತು.

7,000 ರೂಪಾಯಿಯ ಹತ್ತಿರ ಕೊಟ್ಟು ತಂದೆವು. ಬಿಲ್ ಕೇಳಿದರೆ, "ಜಿಎಸ್‌ಟಿ ಬಿಲ್ ಬೇಕೆಂದರೆ 18 ಪರ್ಸೆಂಟ್ ಮೇಲೆ ಬೀಳುತ್ತದೆ, ಇದರಲ್ಲೇ ವಾರಂಟಿ ಬರೆದುಕೊಡುತ್ತೇನೆ" ಎಂದು ಎಸ್ಟಿಮೇಟ್ ಚೀಟಿ ಹರಿದುಕೊಟ್ಟರು.

ಸ್ವಲ್ಪ ಕಾಲ ಚೆನ್ನಾಗಿಯೇ ನಡೆಯಿತು. ಪುನರ್ವಸು ಮಳೆ ಜೋರಾದ ಒಂದು ಸಂಜೆ ಯುಪಿಎಸ್ ಇಟ್ಟಿದ್ದ ಮೂಲೆಯಲ್ಲಿ ಹಂಚು ಜಾರಿ ನೀರು ತೊಟ್ಟಿಕ್ಕತೊಡಗಿತು. ಕರೆಂಟ್ ಮಧ್ಯಾಹ್ನವೇ ಹೋಗಿತ್ತು. ಮಗಳು ಪೆಟ್ಟಿಗೆಯನ್ನು ಸರಿಸೋಣವೆಂದು ಪ್ಲಗ್ ಕಿತ್ತಳು. ಕಿತ್ತ ಪ್ಲಗ್ಗನ್ನು ನೀರು ತಾಗದಂತೆ ಮೇಲಕ್ಕೆ ಹಾಕಲು ಹಿಡಿದಳು, ಬೆರಳು ಪಿನ್ನಿಗೆ ತಗುಲಿತು. "ಅಮ್ಮಾ" ಎಂದು ಕೂಗಿದ್ದು ಕೇಳಿ ನಾನು ಓಡಿ ಬರುವಷ್ಟರಲ್ಲಿ ನೆಲದ ಮೇಲೆ ಕುಳಿತಿದ್ದಳು. ಕಾಲಿನಲ್ಲಿ ರಬ್ಬರ್ ಚಪ್ಪಲಿ ಇತ್ತು. ಅದೊಂದು ಇರದಿದ್ದರೆ ಏನಾಗುತ್ತಿತ್ತೋ ಯೋಚಿಸಲೂ ಆಗುವುದಿಲ್ಲ. ಭುಜದವರೆಗೆ ಕೈ ಜೋಮು ಹಿಡಿದಿತ್ತು, ರಾತ್ರಿಯೆಲ್ಲ ನಿದ್ರೆ ಮಾಡಲಿಲ್ಲ.

ಮಾರನೆಯ ದಿನ ಊರಿನ ವೈರಿಂಗ್ ಮಾಡುವ ಹುಡುಗ ಬಂದ. ಆಗಲೂ ಕರೆಂಟ್ ಇರಲಿಲ್ಲ. ಒಣಗಿದ ಮಣೆಯ ಮೇಲೆ ನಿಂತು ಯುಪಿಎಸ್ ಆನ್ ಮಾಡಿದ. ಪ್ಲಗ್ಗಿನ ಮೂರೂ ಪಿನ್ನುಗಳು ಹೊರಗೇ ಇದ್ದವು, ಯಾವ ಸಾಕೆಟ್ಟಿಗೂ ಹಾಕಿರಲಿಲ್ಲ. ಟೆಸ್ಟರ್ ತುದಿಯನ್ನು ಒಂದು ಪಿನ್ನಿಗೆ ಮುಟ್ಟಿಸಿದ. ಏನೂ ಇಲ್ಲ. ಇನ್ನೊಂದಕ್ಕೆ ಮುಟ್ಟಿಸಿದ. ಟೆಸ್ಟರಿನೊಳಗಿನ ಕೆಂಪು ದೀಪ ಹತ್ತಿತು. ನಾವೆಲ್ಲ ನೋಡುತ್ತಾ ನಿಂತಿದ್ದೆವು. ಆತ ಕೂಡಲೇ ಸ್ವಿಚ್ ಆರಿಸಿ, ಬ್ಯಾಟರಿಯ ತಂತಿ ಬಿಚ್ಚಿ, "ಅಕ್ಕಾ, ಇದನ್ನು ಇನ್ನು ಯಾರೂ ಮುಟ್ಟಬೇಡಿ" ಎಂದ.

ಪೆಟ್ಟಿಗೆ ಬಿಚ್ಚಿ ತೋರಿಸಿದ. ಹೊರಗಿನ ಕರೆಂಟಿನಿಂದ ಬ್ಯಾಟರಿಗೆ ಬದಲಿಸುವ ಸಣ್ಣ ರಿಲೇ ಒಂದೇ ಒಂದು. ಅದರ ಒಳಗಿನ ತಗಡು ಕಪ್ಪಾಗಿ ಅಂಟಿಕೊಂಡುಬಿಟ್ಟಿತ್ತು. ಬ್ಯಾಟರಿಯಿಂದ ಹುಟ್ಟಿದ 230 ವೋಲ್ಟ್ ಮನೆಯ ದೀಪಗಳಿಗೂ ಹೋಗುತ್ತಿತ್ತು, ಹಿಂದಕ್ಕೆ ತಿರುಗಿ ಪ್ಲಗ್ಗಿಗೂ ಬರುತ್ತಿತ್ತು. ಹೀಗೆ ಹಿಂದಕ್ಕೆ ಬರಬಾರದು, ಒಳಗೆ ಒಂದು ಭಾಗ ಕೆಟ್ಟರೂ ಬರಬಾರದು. ಯುಪಿಎಸ್‌ಗಳ ಸುರಕ್ಷತಾ ಮಾನಕದಲ್ಲಿ ಇದಕ್ಕೆಂದೇ ಪರೀಕ್ಷೆ ಇದೆ. ಪರೀಕ್ಷೆಯಲ್ಲಿ ಗೆದ್ದ ಮಾಲಾದರೆ ಈ ಕಾರಣಕ್ಕೆ ನನ್ನ ಮಗಳಿಗೆ ಶಾಕ್ ಹೊಡೆಯಬಾರದಿತ್ತು. ಹುಡುಗ ಇನ್ನೊಂದು ಮಾತು ಹೇಳಿದ. ಪ್ಲಗ್ ಗೋಡೆಯಲ್ಲೇ ಇದ್ದಾಗ ಈ ಕರೆಂಟ್ ಮೀಟರ್ ದಾಟಿ ಹೊರಗಿನ ತಂತಿಗೂ ಹೋಗಬಹುದು, ಲೈನ್ ಸತ್ತಿದೆ ಎಂದುಕೊಂಡು ತಂತಿ ಮುಟ್ಟುವ ಲೈನ್‌ಮನ್ ಗತಿ ಏನು ಎಂದ. ನನಗೆ ಮೈ ನಡುಗಿತು. ಹಿಂದಿನ ವಾರವಷ್ಟೇ ನಮ್ಮ ತೋಟದ ಬೇಲಿಯ ಬಳಿ ಇಬ್ಬರು ಸುರಿವ ಮಳೆಯಲ್ಲಿ ತಂತಿ ಕಟ್ಟಿ ಹೋಗಿದ್ದರು. ಅವರಿಗೆ ನಾನೇ ಕಾಫಿ ಕೊಟ್ಟಿದ್ದೆ.

ಆಗ ಮಗಳಿಗೆ ನಂಬರ್ ನೆನಪಾಯಿತು. ನೆಟ್‌ವರ್ಕ್ ಸಿಗುವ ರಸ್ತೆಯ ತಿರುವಿನವರೆಗೆ ಕೊಡೆ ಹಿಡಿದು ಹೋಗಿ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಎಂಟು ಅಂಕಿಗಳನ್ನು ಹಾಕಿದಳು. ನಂಬರ್ ಇದೆ. ಖೋಟಾ ಅಲ್ಲ, ಜಾರಿಯಲ್ಲೂ ಇದೆ. ಆದರೆ ಅದು ಬೇರೆ ರಾಜ್ಯದ ಬೇರೆಯದೇ ಕಾರ್ಖಾನೆಯದ್ದು, ಬೇರೆಯದೇ ಹೆಸರಿನ ಮಾಲಿನದ್ದು. ಯುಪಿಎಸ್‌ನದ್ದೇ ಅಲ್ಲ! ಅಡಾಪ್ಟರಿನದ್ದು. ಲ್ಯಾಪ್‌ಟಾಪ್‌ಗೆ ಚುಚ್ಚುವ ಅಡಾಪ್ಟರಿನ ನಂಬರನ್ನು ಯುಪಿಎಸ್‌ಗೆ ಅಂಟಿಸಿ ಮಾರಿದ್ದಾರೆ. ಆ ಫೋನಿನ ಪರದೆಯನ್ನು ನಾನು ಎಷ್ಟು ಸಲ ನೋಡಿದೆನೋ. ಅಂಗಡಿಯವರು "ಸರ್ಕಾರದ್ದೇ ನಂಬರ್" ಎಂದಾಗ ಬೆರಳಿಟ್ಟು ತೋರಿಸಿದ್ದು ಇದನ್ನೇ.

ಫೋನ್ ಮಾಡಿದೆವು. ಮೊದಲ ಉತ್ತರ: "ಕರೆಂಟ್ ಇಲ್ಲದಾಗ ಪ್ಲಗ್ ಮುಟ್ಟಿದ್ದೇಕೆ?" ಕರೆಂಟ್ ಇಲ್ಲದಾಗ ಪ್ಲಗ್ ಮುಟ್ಟಿದ್ದೇಕೆ ಎಂದು ಕೇಳುತ್ತಾರೆ! ಎರಡನೆಯದು: "ಮಲೆನಾಡಿನ ವೋಲ್ಟೇಜಿಗೆ ಯಾವ ಕಂಪನಿಯದೂ ನಿಲ್ಲುವುದಿಲ್ಲ ಮಾರಾಯರೇ." ನಂಬರಿನ ವಿಷಯ ಎತ್ತಿದ ಕೂಡಲೇ ಫೋನ್ ಕಟ್.

ಪೆಟ್ಟಿಗೆ ಹೊತ್ತುಕೊಂಡು ಅಂಗಡಿಗೇ ಹೋದೆವು. ಅಂಗಡಿ ತುಂಬಾ ಜನ. ಯಜಮಾನರು ವಿಷಯ ಹೇಳತೊಡಗಿದರೆ ಗಲ್ಲಾದ ಮೇಲೆ ಕುಳಿತವರು ಎಲ್ಲರಿಗೂ ಕೇಳುವಂತೆ, "ಹಳ್ಳಿಯಿಂದ ಬಂದು ಆ್ಯಪ್ ತೋರಿಸಿ ನಮಗೆ ಕಾನೂನು ಹೇಳುತ್ತೀರಾ?" ಎಂದರು. ಇಡೀ ಜೀವನ ಯಾರ ಹತ್ತಿರವೂ ಒಂದು ಮಾತು ಕೇಳಿಸಿಕೊಳ್ಳದ ಮನುಷ್ಯ ಅಷ್ಟು ಜನರ ಮುಂದೆ ತಲೆ ತಗ್ಗಿಸಿ ನಿಂತರು. ನನಗೆ ನಾಚಿಕೆ, ಸಿಟ್ಟು ಎರಡೂ ಒಟ್ಟಿಗೇ ಬಂತು. ನಾನು ಬಿಡಲಿಲ್ಲ. ನಂಬರ್ ಅಡಾಪ್ಟರಿನದ್ದು ಎಂದೆ. "ಪ್ರಿಂಟಿಂಗ್ ತಪ್ಪು" ಎಂದರು. ಗುರುತು ಎಲ್ಲಿ ಎಂದೆ. ಪ್ಲಗ್ ಎತ್ತಿ ತೋರಿಸಿ, "ಇಗೋ, ಐಎಸ್‌ಐ ಬೇಕೆಂದಿರಲ್ಲ, ಇಲ್ಲೇ ಇದೆ" ಎಂದರು. ಪ್ಲಗ್ಗಿನ ಮೇಲಿನ ಐಎಸ್‌ಐ ಪ್ಲಗ್ಗಿಗೆ ಮಾತ್ರ. ಅದರ ಹಿಂದಿನ ಯಂತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಸಿಇ ಎಂದು ಮತ್ತೆ ಶುರು ಮಾಡಿದರು. ಸಿಇ ಯುರೋಪಿನ ಮಾರುಕಟ್ಟೆಯ ಗುರುತು. ಇಂಥ ಬಹುತೇಕ ಸಾಮಾನಿನ ಮೇಲೆ ತಯಾರಕರು ತಮ್ಮದೇ ಜವಾಬ್ದಾರಿಯ ಮೇಲೆ ಹಾಕಿಕೊಳ್ಳುವಂಥದ್ದು. ನಮ್ಮ ದೇಶದ ನೋಂದಣಿಯ ಬದಲಿಗೆ ಅದು ನಡೆಯುವುದಿಲ್ಲ.

ನಾವು ಮಾತನಾಡುತ್ತಿದ್ದಾಗ ಮಗಳು ಆ ಬೆಳ್ಳಿಬಣ್ಣದ ಸ್ಟಿಕ್ಕರಿನ ಮೂಲೆಯನ್ನು ಉಗುರಿನಿಂದ ಎಬ್ಬಿಸುತ್ತಿದ್ದಳು. ಮಳೆಯ ತೇವಕ್ಕೆ ಅಂಟು ಸಡಿಲವಾಗಿತ್ತು. ಮೆಲ್ಲಗೆ ಎಳೆದಾಗ ಕೆಳಗೆ ಇನ್ನೊಂದು ಸ್ಟಿಕ್ಕರ್! ಬೇರೆ ಕಂಪನಿಯ ಹೆಸರು, ವಿಳಾಸವಿಲ್ಲ, ಬಿಐಎಸ್ ಗುರುತಿಲ್ಲ, ಆರ್ ನಂಬರ್ ಇಲ್ಲ. ಸಿಇ ಎಂಬ ಎರಡಕ್ಷರ ಮಾತ್ರ. ಗಲ್ಲಾದವರ ದನಿ ಅಲ್ಲಿಗೆ ಇಳಿಯಿತು. "ಅಮ್ಮಾ, ಒಳಗೆ ಬನ್ನಿ, ಕೂತು ಮಾತಾಡೋಣ" ಎಂದರು. ನಾನು ಒಳಗೆ ಹೋಗಲಿಲ್ಲ.

ಆಮೇಲಿನ ವರಸೆ ಬೇರೆ. "ನಾವು ಮಾಡಿದ್ದಲ್ಲ, ಕಂಪನಿಯವರು ಕಳಿಸಿದ್ದು, ನಾವು ಮಾರುವವರು ಮಾತ್ರ." ಮಾರುವವರಿಗೂ ಕಾನೂನು ಇದೆ. 2016ರ ಬಿಐಎಸ್ ಕಾಯ್ದೆಯ ಪ್ರಕಾರ ಕಡ್ಡಾಯ ಗುರುತಿಲ್ಲದ ಮಾಲನ್ನು ತಯಾರಿಸುವುದಷ್ಟೇ ಅಲ್ಲ, ಮಾರುವುದೂ ದಾಸ್ತಾನು ಇಡುವುದೂ ಅಪರಾಧ. ದಂಡವೆಂದರೆ ಮೊದಲ ಸಲಕ್ಕೇ 2 ಲಕ್ಷ ರೂಪಾಯಿಗೆ ಕಡಿಮೆಯಿಲ್ಲ. ಇದನ್ನು ಹೇಳಿದಾಗ, "ಬಿಲ್ ಎಲ್ಲಿದೆ? ಇದು ಎಸ್ಟಿಮೇಟ್, ನಮ್ಮ ಅಂಗಡಿಯದ್ದೆಂದು ಹೇಗೆ ಹೇಳುತ್ತೀರಿ?" ಎಂದು ಕೇಳಿದರು. ಚೀಟಿ ಬರೆದುಕೊಟ್ಟ ಮನುಷ್ಯ ಪಕ್ಕದಲ್ಲೇ ನಿಂತಿದ್ದ, ಬಾಯಿ ಬಿಡಲಿಲ್ಲ. ಪುಣ್ಯಕ್ಕೆ ಯಜಮಾನರು ಫೋನ್‌ಪೇಯಲ್ಲಿ ಹಣ ಹಾಕಿದ್ದರು, ಅಂಗಡಿಯ ಹೆಸರು, ದಿನಾಂಕ, ಮೊತ್ತ ಎಲ್ಲ ಅದರಲ್ಲಿದೆ.

ಕೊನೆಗೆ ಬಂದ ಮಾತು: ಬೋರ್ಡ್ ಹೊಸದು ಹಾಕಿಕೊಡುತ್ತೇವೆ, ಸ್ಟಿಕ್ಕರಿನ ಫೋಟೊಗಳನ್ನು ನಮ್ಮೆದುರೇ ಅಳಿಸಿ. ಒಪ್ಪಲಿಲ್ಲ. ಪೆಟ್ಟಿಗೆಯನ್ನು ವಾಪಸ್ ಮನೆಗೇ ತಂದಿದ್ದೇವೆ. ಅದು ನಮ್ಮ ಸಾಕ್ಷಿ. "ರಿಪೇರಿಗೆ ಬಿಟ್ಟು ಹೋಗಿ" ಎಂದು ಯಾರೇ ಹೇಳಿದರೂ ಇಂಥ ಮಾಲನ್ನು ಬಿಟ್ಟು ಬರಬೇಡಿ. ಮರುದಿನ ಆ ಸ್ಟಿಕ್ಕರ್ ಅದರ ಮೇಲೆ ಇರುವುದಿಲ್ಲ.

ಬಿಐಎಸ್ ಕೇರ್ ಆ್ಯಪ್‌ನಲ್ಲೇ ದೂರು ಹಾಕಿದ್ದೇವೆ. 1915ಕ್ಕೂ ಫೋನ್ ಮಾಡಿದ್ದೇವೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ತಯಾರಾಗುತ್ತಿದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಬಿಲ್ ಕೊಡದಿರುವುದೂ ಗ್ರಾಹಕ ಕಾನೂನಿನಲ್ಲಿ ಅನುಚಿತ ವ್ಯಾಪಾರವೇ ಎಂದು ವಕೀಲರು ಹೇಳಿದ್ದಾರೆ. ಹಾಗಾಗಿ ಎಸ್ಟಿಮೇಟ್ ಚೀಟಿ ಕೈಯಲ್ಲಿದ್ದವರು ಸುಮ್ಮನೆ ಕೂರಬೇಡಿ.

ಕೊಳ್ಳಲು ಹೋಗುವವರು ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ನಿಂತು ಆರ್ ನಂಬರ್ ಹಾಕಿ ನೋಡಿ. ತಯಾರಕರ ಹೆಸರು, ಮಾಲಿನ ಬಗೆ, ಬ್ರ್ಯಾಂಡ್ ಎಲ್ಲವೂ ಪೆಟ್ಟಿಗೆಯ ಮೇಲಿನದಕ್ಕೆ ಹೊಂದಬೇಕು. ನಂಬರ್ ಇದ್ದರೆ ಸಾಲದು, ಆ ನಂಬರ್ ಅದೇ ಮಾಲಿನದ್ದಾಗಿರಬೇಕು. ಅವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಬಿಲ್ಲಿನಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಈಗ ಅಂಗಡಿಯವರು ನಮ್ಮೂರಿನ ಹಿರಿಯರೊಬ್ಬರ ಮೂಲಕ ಹೇಳಿಕಳಿಸುತ್ತಿದ್ದಾರೆ. ಹಣ ಪೂರ್ತಿ ವಾಪಸ್ ಕೊಡುತ್ತಾರಂತೆ, ದೂರು ಹಿಂತೆಗೆದುಕೊಳ್ಳಬೇಕಂತೆ. ಹಣ ಕೊಡಲಿ, ಅದು ನಮ್ಮದು. ಆದರೆ ಅದೇ ಬೆಳ್ಳಿಬಣ್ಣದ ಸ್ಟಿಕ್ಕರಿನ ಪೆಟ್ಟಿಗೆಗಳು ಆ ಅಂಗಡಿಯ ಮೂಲೆಯಲ್ಲಿ ಸೊಂಟದೆತ್ತರಕ್ಕೆ ಜೋಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. "ಇಷ್ಟು ಜನಕ್ಕೆ ಕೊಟ್ಟಿದ್ದೇವೆ, ನೀವೊಬ್ಬರೇ ತಕರಾರು" ಎಂದು ಅವರೇ ಹೇಳಿದ್ದಾರೆ. ಆ ಜನರಿಗೆಲ್ಲ ಫೋನ್ ಮಾಡಿ ತಿಳಿಸುತ್ತೇವೆಂದು ಬರೆದುಕೊಡಿ, ಆಮೇಲೆ ಮಾತು ಎಂದಿದ್ದೇನೆ. ಉತ್ತರ ಬಂದಿಲ್ಲ.

ನಿಮ್ಮ ಮನೆಯ ಯುಪಿಎಸ್ ಮೇಲೆ ಸ್ಟಿಕ್ಕರ್ ಮೇಲೊಂದು ಸ್ಟಿಕ್ಕರ್ ಕಂಡರೆ, ನಂಬರ್ ಬೇರೆ ಮಾಲಿನದ್ದೆಂದು ಆ್ಯಪ್ ತೋರಿಸಿದರೆ, ನೀವಾಗಿ ಪ್ಲಗ್ ಕೀಳಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ವೈರಿಂಗ್ ಗೊತ್ತಿರುವವರನ್ನು ಕರೆಸಿ ಬ್ಯಾಟರಿ ಬಿಚ್ಚಿಸಿ. ನಿಮ್ಮಲ್ಲೂ ಹೀಗೇ ಆಗಿದ್ದರೆ ಸ್ಟಿಕ್ಕರಿನ ಫೋಟೊ ತೆಗೆದಿಟ್ಟುಕೊಂಡು ನೀವೂ ಬಿಐಎಸ್‌ಗೆ ದೂರು ಕೊಡಿ. ನನ್ನದೊಂದೇ ದೂರು ಇದ್ದರೆ ಅದನ್ನು ಪ್ರಿಂಟಿಂಗ್ ತಪ್ಪು ಎಂದು ಮುಚ್ಚಿಹಾಕುತ್ತಾರೆ.