ಅಮೆರಿಕದ ಹೆದ್ದಾರಿಯಲ್ಲಿ ಸಸ್ಯಾಹಾರಿ ಹೊಟ್ಟೆ: ಟಾಕೊ ಬೆಲ್, ಚಿಪೋಟ್ಲೆ, ಬರ್ಗರ್ ಕಿಂಗ್, ಸಬ್‌ವೇ – ಯಾವುದು ವಾಸಿ?

ಬೆಂಗಳೂರಿನಲ್ಲಿ ಮೆಕ್‌ಆಲೂ ಟಿಕ್ಕಿ ತಿಂದು ರೂಢಿಯಾದವರು ಅಮೆರಿಕಕ್ಕೆ ಬಂದ ಹೊಸತರಲ್ಲಿ ಹೆದ್ದಾರಿ ಪಕ್ಕ ಅದೇ ಹಳದಿ ಕಮಾನು ಕಂಡರೆ ನಿಶ್ಚಿಂತೆಯಿಂದ ಕಾರು ತಿರುಗಿಸುತ್ತಾರೆ. ಒಳಗೆ ಸಿಗುವುದು ಬೇರೆಯೇ ಲೋಕ. ಮೆಕ್‌ಡೊನಾಲ್ಡ್ಸ್ 1996ರಲ್ಲಿ ಭಾರತಕ್ಕೆ ಬಂದದ್ದೇ ದನ, ಹಂದಿ ಮಾಂಸವನ್ನು ಬಿಟ್ಟು. ಭಾರತದಲ್ಲಿ ಸಸ್ಯಾಹಾರಕ್ಕೆ ಅಡುಗೆ ಜಾಗವೇ ಬೇರೆ, ಮಾಯೊನೀಸ್‌ಗೆ ಮೊಟ್ಟೆಯಿಲ್ಲ. ಅಮೆರಿಕದಲ್ಲಿ ಅದೇ ಸಂಸ್ಥೆಯ ಪಟ್ಟಿಯಲ್ಲಿ ತರಕಾರಿ ಬರ್ಗರ್ ಒಂದೂ ಇಲ್ಲ. 2022ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಮತ್ತು ಡಲ್ಲಾಸ್ ಸುತ್ತಮುತ್ತ ಮೆಕ್‌ಪ್ಲಾಂಟ್ ಎಂಬ ಸಸ್ಯಮೂಲದ ಬರ್ಗರ್ ಮಾರಿ ನೋಡಿದರು, ಕೈಬಿಟ್ಟರು.

ಹೆಚ್ಚಿನವರು ಎಡವುವುದು ಫ್ರೈಸ್‌ನಲ್ಲಿ. ಆಲೂಗಡ್ಡೆ, ಎಣ್ಣೆ, ಉಪ್ಪು, ಇಷ್ಟೇ ತಾನೆ ಎಂದುಕೊಳ್ಳುತ್ತೇವೆ. ಮೆಕ್‌ಡೊನಾಲ್ಡ್ಸ್ 1990ರಲ್ಲಿ ದನದ ಕೊಬ್ಬು ಬಿಟ್ಟು ಸಸ್ಯದ ಎಣ್ಣೆಗೆ ಬದಲಾಯಿಸಿದರೂ ರುಚಿ ಉಳಿಯಲೆಂದು ದನದ ಮಾಂಸದ ಫ್ಲೇವರ್ ಸೇರಿಸುವುದನ್ನು ಮುಂದುವರಿಸಿತು. 2001ರಲ್ಲಿ ಸಿಯಾಟಲ್‌ನಲ್ಲಿ ಹಿಂದೂಗಳು, ಸಸ್ಯಾಹಾರಿಗಳ ಪರವಾಗಿ ದಾವೆ ಬಿತ್ತು. 2002ರಲ್ಲಿ ಸಂಸ್ಥೆ 1 ಕೋಟಿ ಡಾಲರ್ ಕೊಡಲೊಪ್ಪಿ ರಾಜಿಯಾಯಿತು. ಆದರೆ ಆ ಫ್ಲೇವರ್ ಹೋಗಲಿಲ್ಲ; ಬೆಳಗಿನ ಹ್ಯಾಶ್ ಬ್ರೌನ್‌ನಲ್ಲೂ ಅದು ಇದೆ. ನಮಗೆ ಅಲ್ಲಿ ಉಳಿಯುವುದು ಆಪಲ್ ಪೈ, ಓಟ್‌ಮೀಲ್, ಕಾಫಿ, ಐಸ್‌ಕ್ರೀಮ್. ಅದು ಊಟವಲ್ಲ. ಹಾಗಾಗಿ ಈ ಹೋಲಿಕೆಯಲ್ಲಿ ಮೆಕ್‌ಡೊನಾಲ್ಡ್ಸ್ ಇಲ್ಲಿಗೇ ಮುಗಿಯಿತು.

ಉಳಿದ ಅಂಗಡಿಗಳನ್ನು ಅಳೆಯುವಾಗ ಪಟ್ಟಿಯಲ್ಲಿ ಎಷ್ಟು ಹಸಿರು ಎಲೆಯ ಗುರುತಿದೆ ಎಂದು ಎಣಿಸಿ ಪ್ರಯೋಜನವಿಲ್ಲ. ಕರಿಯುವ ಎಣ್ಣೆ ಯಾವುದು, ಅದರಲ್ಲಿ ಇನ್ನೇನು ಬೇಯುತ್ತದೆ? ಮಾಂಸ ಸುಡುವ ಕಾವಲಿಯ ಮೇಲೇ ನಮ್ಮದನ್ನೂ ಇಡುತ್ತಾರಾ? ಸಾಸ್‌ನಲ್ಲಿ ಮೊಟ್ಟೆ ಇದೆಯಾ? ಇವನ್ನು ಕೇಳಬೇಕು. ಅಮೆರಿಕದಲ್ಲಿ ವೆಜಿಟೇರಿಯನ್ ಎಂದರೆ ಮೊಟ್ಟೆ ತಿನ್ನುವವರು ಎಂದೇ ಲೆಕ್ಕ. ಊರಿನ ಹಸಿರು ಚುಕ್ಕೆಯ ಭರವಸೆ ಅಲ್ಲಿಲ್ಲ. ಮೊಟ್ಟೆ ಬೇಡದಿದ್ದರೆ ಅದನ್ನು ಪ್ರತ್ಯೇಕವಾಗಿ ಹೇಳಲೇಬೇಕು.

ಈ ಪರೀಕ್ಷೆಯಲ್ಲಿ ಮುಂದೆ ನಿಲ್ಲುವವು ಮೆಕ್ಸಿಕನ್ ಶೈಲಿಯ ಎರಡು ಅಂಗಡಿಗಳು: ಟಾಕೊ ಬೆಲ್ ಮತ್ತು ಚಿಪೋಟ್ಲೆ. ಎರಡರಲ್ಲೂ ಬುನಾದಿ ಕಾಳು. ಮಾಂಸ ತೆಗೆದರೂ ತಟ್ಟೆಯಲ್ಲಿ ಊಟ ಉಳಿಯುತ್ತದೆ ಎಂಬುದೇ ಇವುಗಳ ಬಲ.

ಟಾಕೊ ಬೆಲ್‌ನ ಸಸ್ಯಾಹಾರಿ ತಿನಿಸುಗಳಿಗೆ 2015ರಿಂದ ಅಮೆರಿಕನ್ ವೆಜಿಟೇರಿಯನ್ ಅಸೋಸಿಯೇಶನ್‌ನ ಪ್ರಮಾಣಪತ್ರವಿದೆ. ಅರೆದ ಪಿಂಟೊ ಕಾಳಿನಲ್ಲಿ ಹಂದಿಯ ಕೊಬ್ಬಿಲ್ಲ (ಸಣ್ಣ ಮೆಕ್ಸಿಕನ್ ಹೋಟೆಲುಗಳಲ್ಲಿ ಇದನ್ನು ವಿಚಾರಿಸದೆ ತಿನ್ನಬೇಡಿ, ಅಲ್ಲಿ ಕೊಬ್ಬು ಹಾಕುವುದು ಮಾಮೂಲು). ಯಾವ ತಿನಿಸಿನಲ್ಲಾದರೂ ಬೀಫ್ ತೆಗೆಸಿ ಕಾಳು ಹಾಕಿಸಬಹುದು. ಬೀನ್ ಬರಿಟೊ ಎಲ್ಲಕ್ಕಿಂತ ಸುರಕ್ಷಿತ: ಮೈದಾ ರೊಟ್ಟಿ, ಕಾಳು, ಕೆಂಪು ಸಾಸ್, ಹಸಿ ಈರುಳ್ಳಿ, ಚೀಸ್. ಎರಡು ತಿಂದರೆ ಒಬ್ಬರಿಗೆ ಊಟವಾಯಿತು. ಗರಿ ಹಪ್ಪಳವನ್ನು ಒಳಗಿಟ್ಟು ರೊಟ್ಟಿಯಲ್ಲಿ ಮಡಿಚಿದ ಕ್ರಂಚ್‌ರ‍್ಯಾಪ್‌ಗೂ ಕಪ್ಪು ಬೀನ್ಸ್ ಹಾಕಿಸಿದರೆ ಚೆನ್ನಾಗಿಯೇ ಇರುತ್ತದೆ. ಆ ಹಪ್ಪಳ ಮೆತ್ತಗಾಗುವ ಮೊದಲು ತಿನ್ನಬೇಕು, ಕಟ್ಟಿಸಿಕೊಂಡು ಹೋದರೆ ಕೆಡುತ್ತದೆ.

ಮೋಸ ಹೋಗುವುದು ಕೆನೆಬಣ್ಣದ ಸಾಸ್‌ಗಳಲ್ಲಿ. ಚೀಸಿ ಬೀನ್ ಅಂಡ್ ರೈಸ್ ಬರಿಟೊದ ಕ್ರೀಮಿ ಹಲಪೇನ್ಯೊ ಸಾಸ್‌ಗೂ ಸ್ಪೈಸಿ ಪೊಟೆಟೊ ಟಾಕೊದ ಕ್ರೀಮಿ ಚಿಪೋಟ್ಲೆ ಸಾಸ್‌ಗೂ (ಇಲ್ಲಿ ಚಿಪೋಟ್ಲೆ ಎಂದರೆ ಅಂಗಡಿಯಲ್ಲ, ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ) ಮೊಟ್ಟೆ ಬೀಳುತ್ತದೆ. ಪ್ರಮಾಣಪತ್ರ ಮೊಟ್ಟೆಯನ್ನು ತಡೆಯುವುದಿಲ್ಲ. ಆ ಸಾಸ್ ತೆಗೆಸಿ ಕೆಂಪು ಸಾಸ್ ಹಾಕಿಸಿ. ಇಲ್ಲವೇ ‘ಫ್ರೆಸ್ಕೊ ಸ್ಟೈಲ್’ ಎನ್ನಿ: ಚೀಸ್, ಸವರ್ ಕ್ರೀಮ್, ಕೆನೆ ಸಾಸ್ ಎಲ್ಲ ಹೋಗಿ ಹೆಚ್ಚಿದ ಟೊಮೆಟೊ ಬರುತ್ತದೆ. ಕರಿದ ಆಲೂಗಡ್ಡೆಯ ವಿಷಯದಲ್ಲಿ ಮಾತ್ರ ಖಾತ್ರಿಯಿಲ್ಲ. ಅದೇ ಎಣ್ಣೆಯಲ್ಲಿ ಮಾಂಸದ ಪದಾರ್ಥವೂ ಬೇಯಬಹುದು ಎಂದು ಸಂಸ್ಥೆಯೇ ತಿಳಿಸುತ್ತದೆ. ಕಟ್ಟುನಿಟ್ಟಿನವರು ಕರಿದದ್ದನ್ನು ಬಿಟ್ಟು ಕಾಳು, ಅನ್ನ, ರೊಟ್ಟಿಗೆ ನಿಲ್ಲುವುದು ಒಳ್ಳೆಯದು.

ಚಿಪೋಟ್ಲೆಯ ದಾರಿ ಬೇರೆ. ಎಲ್ಲವೂ ಗಾಜಿನಾಚೆ ಕಣ್ಣೆದುರಿಗೇ ಇರುತ್ತದೆ, ಬೆರಳು ತೋರಿಸಿ ಹಾಕಿಸಿಕೊಳ್ಳಬಹುದು. ನಿಂಬೆ, ಕೊತ್ತಂಬರಿ ಹಾಕಿದ ಅನ್ನ, ಕಪ್ಪು ಅಥವಾ ಪಿಂಟೊ ಕಾಳು, ಬಾಡಿಸಿದ ದೊಣ್ಣೆ ಮೆಣಸಿನಕಾಯಿ, ಸಾಲ್ಸಾ; ಅನ್ನ ಉಣ್ಣುವವರಿಗೆ ನಾಲಿಗೆಗೆ ಹತ್ತಿರದ ರುಚಿ. ಪಿಂಟೊ ಕಾಳನ್ನು ಮೊದಲು ಬೇಕನ್ ಹಾಕಿ ಬೇಯಿಸುತ್ತಿದ್ದರು, 2013ರಲ್ಲಿ ನಿಲ್ಲಿಸಿದರು. ಹಳೆಯ ಎಚ್ಚರಿಕೆ ಇನ್ನೂ ಬಾಯಿಂದ ಬಾಯಿಗೆ ಓಡುತ್ತಿದೆ, ಈಗ ಅದಕ್ಕೆ ಕಾರಣವಿಲ್ಲ. ಚೀಸ್‌ಗಾಗಿ ಹಾಲು ಒಡೆಸಲು ಸಸ್ಯಮೂಲದ ರೆನ್ನೆಟ್ ಬಳಸುತ್ತಾರೆ. ಎಲ್ಲಕ್ಕಿಂತ ದೊಡ್ಡ ಸಮಾಧಾನವೆಂದರೆ ಅವರ ಯಾವ ಪದಾರ್ಥದಲ್ಲೂ ಮೊಟ್ಟೆಯಿಲ್ಲ. ಮೊಟ್ಟೆ ತಿನ್ನದ ಅಪ್ಪ-ಅಮ್ಮ ಊರಿಂದ ಬಂದಿದ್ದಾಗ ಕಣ್ಣುಮುಚ್ಚಿ ಇಲ್ಲಿಗೇ ಕರೆದೊಯ್ಯಬಹುದು.

ಮಾಂಸ ಬೇಡವೆಂದರೆ ಬೆಣ್ಣೆಹಣ್ಣಿನ ಗ್ವಾಕಮೋಲೆ ಪುಕ್ಕಟೆ. ಆದರೆ ಸೋಫ್ರಿಟಾಸ್ ಎಂಬ ಖಾರದ ಟೋಫು ಹಾಕಿಸಿದಿರೋ, ಗ್ವಾಕಮೋಲೆಗೆ ಬೇರೆ ದುಡ್ಡು. ಎರಡರಲ್ಲಿ ಗ್ವಾಕಮೋಲೆಯೇ ವಾಸಿ. ಟೋಫುವಿನ ಸುಟ್ಟ ಮೆಣಸಿನಕಾಯಿ ಘಾಟು ಎಲ್ಲರಿಗೂ ಹಿಡಿಸುವುದಿಲ್ಲ, ಕಾಳಿದ್ದ ಮೇಲೆ ಅದರ ಅಗತ್ಯವೂ ಇಲ್ಲ. ಎರಡೂ ಬಗೆಯ ಕಾಳು ಅರ್ಧರ್ಧ ಕೇಳಿ. ಇಲ್ಲಿನ ತೊಂದರೆ ಸೌಟಿನದು: ಮಾಂಸದ ಪಾತ್ರೆಗಳು ಪಕ್ಕದಲ್ಲೇ ಇರುತ್ತವೆ, ಜನಸಂದಣಿಯಲ್ಲಿ ಚೂರು ಉದುರುತ್ತದೆ. ಸರದಿ ಬಂದೊಡನೆ ಕೈಗವಸು ಬದಲಿಸಲು ಕೇಳಿ, ಬೇಸರಿಸದೆ ಬದಲಿಸುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಿಗೆ ಇಲ್ಲೂ ಕಷ್ಟವೇ. ಎರಡೂ ಕಾಳಿನಲ್ಲಿ ಅವಿವೆ; ಬಿಳಿ ಅನ್ನ, ಸೊಪ್ಪು, ಚೀಸ್, ಸವರ್ ಕ್ರೀಮ್‌ಗೆ ತೃಪ್ತಿಪಡಬೇಕು.

ದುಡ್ಡಿನಲ್ಲಿ ಹೋಲಿಸಿದರೆ ಚಿಪೋಟ್ಲೆಯ ಒಂದು ಬೌಲ್‌ನ ಬೆಲೆಗೆ ಟಾಕೊ ಬೆಲ್‌ನಲ್ಲಿ ಇಬ್ಬರ ಹೊಟ್ಟೆ ತುಂಬುತ್ತದೆ. ತಡರಾತ್ರಿ ಬಾಗಿಲು ತೆರೆದಿರುವುದೂ ಹೆಚ್ಚಾಗಿ ಟಾಕೊ ಬೆಲ್ಲೇ. ಹಗಲಾದರೆ, ಕೂತು ಉಣ್ಣುವುದಾದರೆ ಚಿಪೋಟ್ಲೆ.

ಬರ್ಗರ್ ಕಿಂಗ್ 2019ರ ಆಗಸ್ಟ್‌ನಿಂದ ಅಮೆರಿಕದೆಲ್ಲೆಡೆ ಇಂಪಾಸಿಬಲ್ ವಾಪರ್ ಎಂಬ ಮಾಂಸವಿಲ್ಲದ ಬರ್ಗರ್ ಮಾರುತ್ತಿದೆ. ಸೋಯಾದಿಂದ ಮಾಡಿದ್ದೇನೋ ನಿಜ, ಆದರೆ ಸುಮ್ಮನೆ ಕೇಳಿದರೆ ದನದ ಮಾಂಸ ಸಾಗುವ ಅದೇ ಬೆಂಕಿಯ ಬ್ರಾಯ್ಲರ್‌ನಲ್ಲಿ ಸುಟ್ಟು ಕೊಡುತ್ತಾರೆ. ಬ್ರಾಯ್ಲರ್ ಬೇಡ ಎಂದರೆ ಬೇರೆಯಾಗಿ ಬಿಸಿ ಮಾಡಿಕೊಡುವ ಏರ್ಪಾಡಿದೆ. ಹೊಗೆಯ ವಾಸನೆ ಇಲ್ಲದೆ ಸ್ವಲ್ಪ ಸಪ್ಪೆಯಾಗುತ್ತದೆ. ಮಾಯೊನೀಸ್‌ನಲ್ಲಿ ಮೊಟ್ಟೆ ಇದೆ, ಬದಲಿಗೆ ಸಾಸಿವೆ ಸಾಸ್ ಹಾಕಿಸಿ. ಇನ್ನೊಂದು: ಇದು ಮಾಂಸ ತಿನ್ನುವವರನ್ನು ಒಲಿಸಲು ಮಾಡಿದ್ದು, ಹುಟ್ಟಿನಿಂದ ತಿನ್ನದವರಿಗಲ್ಲ. ಬಣ್ಣ, ವಾಸನೆ, ನಾರು ಎಲ್ಲ ಮಾಂಸದಂತೆಯೇ. ನಮ್ಮ ಹಿರಿಯರಲ್ಲಿ ಅನೇಕರಿಗೆ ಎರಡನೇ ತುತ್ತು ಇಳಿಯುವುದಿಲ್ಲ.

ಸಬ್‌ವೇಯ ವೆಜಿ ಡಿಲೈಟ್ ನಂಬಬಹುದು, ಹಸಿವು ಮಾತ್ರ ನಿಲ್ಲದು. ಬ್ರೆಡ್ಡಿನೊಳಗೆ ಹಸಿ ತರಕಾರಿ, ಅಷ್ಟೆ. ಬೆಣ್ಣೆಹಣ್ಣು, ಹೆಚ್ಚುವರಿ ಚೀಸ್ ಹಾಕಿಸಿ, ಉಪ್ಪಿನ ಹಲಪೇನ್ಯೊ, ಎಣ್ಣೆ, ವಿನೆಗರ್ ಕೂಡ ಸೇರಿಸಲು ಹೇಳಿ. ಮಾಯೊ, ರ‍್ಯಾಂಚ್‌ನಲ್ಲಿ ಮೊಟ್ಟೆ. ಚಾಕು ಒರೆಸದೆ ಕತ್ತರಿಸುವುದೇ ಇಲ್ಲಿನ ಮುಖ್ಯ ಕಿರಿಕಿರಿ, ಮೊದಲೇ ಹೇಳಿಬಿಡಿ.

ಫ್ರೈಸ್ ಬೇಕೇಬೇಕೆಂದರೆ ಫೈವ್ ಗೈಸ್‌ಗೆ ಹೋಗಿ. ಅಲ್ಲಿ ಕಡಲೆಕಾಯಿ ಎಣ್ಣೆ, ಅದರಲ್ಲಿ ಆಲೂಗಡ್ಡೆ ಬಿಟ್ಟು ಇನ್ನೇನೂ ಬೇಯುವುದಿಲ್ಲ. ಪಶ್ಚಿಮದ ರಾಜ್ಯಗಳಲ್ಲಾದರೆ ಇನ್-ಎನ್-ಔಟ್‌ನ ಸೂರ್ಯಕಾಂತಿ ಎಣ್ಣೆಯ ಫ್ರೈಸ್ ಕೂಡ ಶುದ್ಧ; ಅಲ್ಲಿ ಗ್ರಿಲ್ಡ್ ಚೀಸ್ ಎಂದು ಕೇಳಿದರೆ ಮಾಂಸವಿಲ್ಲದ ಬರ್ಗರ್ ಕೊಡುತ್ತಾರೆ, ಮೊಟ್ಟೆಯಿರುವ ಸ್ಪ್ರೆಡ್ ಮಾತ್ರ ತೆಗೆಸಿ. ಫೈವ್ ಗೈಸ್ ಬನ್ನಿಗೆ ಮೊಟ್ಟೆ ಹಾಕುತ್ತಾರೆ, ಆದ್ದರಿಂದ ಅಲ್ಲಿ ಫ್ರೈಸ್ ಸಾಕು. ಬಫಲೊ ವೈಲ್ಡ್ ವಿಂಗ್ಸ್ ದನದ ಕೊಬ್ಬಿನಲ್ಲಿ ಕರಿಯುತ್ತದೆ. ಸ್ಟೀಕ್ ಅಂಡ್ ಶೇಕ್ 2025ರಲ್ಲಿ ಫ್ರೈಸನ್ನು ದನದ ಕೊಬ್ಬಿಗೇ ಮರಳಿಸಿ ಅದನ್ನೇ ಹೆಮ್ಮೆಯಿಂದ ಸಾರುತ್ತಿದೆ. ಇವೆರಡರಲ್ಲಿ ಕರಿದ ಯಾವುದನ್ನೂ ಮುಟ್ಟಬೇಡಿ. ಏನೂ ಸಿಗದ ಊರಿನಲ್ಲಿ ವೆಂಡೀಸ್‌ನ ಬೇಯಿಸಿದ ಇಡೀ ಆಲೂಗಡ್ಡೆ ನೆನಪಿರಲಿ. ಸವರ್ ಕ್ರೀಮ್ ಜೊತೆ ತಿನ್ನಿ, ಚಿಲ್ಲಿ ಎಂದು ಕರೆಯುವುದನ್ನು ಮೇಲೆ ಹಾಕಿಸಬೇಡಿ, ಅದು ಬೀಫ್‌ನದು.

ಆರ್ಡರ್ ಮಾಡುವಾಗ ಡ್ರೈವ್-ಥ್ರೂ ಮೈಕಿಗಿಂತ ಸಂಸ್ಥೆಯ ಆ್ಯಪ್ ಒಳ್ಳೆಯದು. ಬೀಫ್ ತೆಗೆದದ್ದು, ಸಾಸ್ ತೆಗೆದದ್ದು ಚೀಟಿಯ ಮೇಲೆ ಅಚ್ಚಾಗಿ ಅಡುಗೆಯವರ ಕೈ ಸೇರುತ್ತದೆ. ಮೈಕಿನಲ್ಲಿ ‘ಐ ಆಮ್ ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಏನು ಹಾಕಬೇಕು, ಏನು ಬಿಡಬೇಕು ಎಂಬುದು ಕೇಳಿದವರ ಊಹೆಗೆ ಉಳಿಯುತ್ತದೆ. ‘ನೋ ಬೀಫ್, ನೋ ಚಿಕನ್, ಬೀನ್ಸ್ ಇನ್‌ಸ್ಟೆಡ್’ ಎಂದು ಒಂದೊಂದಾಗಿ ಹೇಳಿ. ಕಿಟಕಿ ಬಿಡುವ ಮೊದಲು ಪೊಟ್ಟಣ ಬಿಚ್ಚಿ ಒಂದು ತುದಿ ಎತ್ತಿ ನೋಡಿ. ಅರೆದ ಕಾಳಿಗೂ ಪುಡಿ ಮಾಡಿದ ಬೀಫ್‌ಗೂ ಬಣ್ಣ ಹತ್ತಿರವಿದ್ದರೂ ಕಾಳು ನುಣ್ಣಗೆ, ಬೀಫ್ ಹರಳುಹರಳಾಗಿರುತ್ತದೆ.