ಫ್ರಿಜ್ ಕೈಕೊಟ್ಟಾಗ ಯಾವುದು ನೆರವಿಗೆ ಬರುತ್ತದೆ: ಬಾಗಿಲ ಮೇಲಿನ ಕೋಡಾ, ಮೊಬೈಲ್ ಆ್ಯಪಾ?

ಲಕ್ಷ ರೂಪಾಯಿ ದಾಟಿದ ಫ್ರಿಜ್ ಕೆಟ್ಟರೆ, ಏನಾಗಿದೆ ಅಂತ ಅದೇ ಹೇಳಬೇಕು. ಹಾಗೆ ಹೇಳುವ ಮೂರು ಬಗೆಗಳನ್ನು ನಾನು ನೋಡಿದ್ದೇನೆ. ನಮ್ಮ ಮನೆಯ ಈಗಿನ ಫ್ರಿಜ್ ಬಾಗಿಲ ಮೇಲಿನ ಪುಟ್ಟ ಪರದೆಯಲ್ಲೇ ಕೋಡ್ ತೋರಿಸುತ್ತದೆ, ಅಂದರೆ ಯಾವ ಭಾಗದಲ್ಲಿ ತೊಂದರೆ ಅಂತ ಸೂಚಿಸುವ ಅಂಕಿ-ಅಕ್ಷರ. ಅಕ್ಕನ ಮನೆಯದು ಎಲ್ಲವನ್ನೂ ಮೊಬೈಲಿಗೆ ಕಳಿಸುತ್ತದೆ. ನಮ್ಮ ಹಳೆಯದರಲ್ಲಿ ಹಿಂಬದಿಯ ಬೋರ್ಡಿನ (ಫ್ರಿಜ್ ನಡೆಸುವ ಎಲೆಕ್ಟ್ರಾನಿಕ್ ಹಲಗೆ) ಮೇಲೆ ಒಂದು ಪುಟ್ಟ ದೀಪ ಮಿಣುಕುತ್ತಿತ್ತು, ಅಷ್ಟೇ. ನನ್ನ ಓಟು ಬಾಗಿಲ ಮೇಲಿನ ಕೋಡಿಗೆ.

ಬೇಸಿಗೆಯಲ್ಲಿ ನಮ್ಮ ಫ್ರಿಜ್‌ನಲ್ಲಿ ಹಾಲು ಒಡೆಯಲು ಶುರುವಾಯಿತು. ಫ್ರೀಜರ್ ಮಾತ್ರ ಗಟ್ಟಿಯಾಗಿ ಐಸ್ ಕಟ್ಟುತ್ತಿತ್ತು. ಪರದೆಯ ಮೇಲೆ ಫ್ಯಾನಿನ (ಒಳಗೆ ತಂಪು ಗಾಳಿ ಹರಡುವುದು ಇದೇ) ಕೋಡ್ ಬಂದಿತ್ತು. ಮೆಕ್ಯಾನಿಕ್ ಬಂದವರೇ ಬೋರ್ಡ್ ಹೋಗಿದೆ, ಬದಲಾಯಿಸಬೇಕು ಅಂದರು. ಕೋಡ್ ಫ್ಯಾನಿನದು, ಮೊದಲು ಅದನ್ನೇ ಬಿಚ್ಚಿ ನೋಡೋಣ ಅಲ್ವಾ ಅಂತ ಕೇಳಿದೆ. ಒಳಗಿನ ಮುಚ್ಚಳ ತೆಗೆದರೆ ಫ್ಯಾನಿನ ಸುತ್ತ ಮಂಜುಗಡ್ಡೆ. ಪ್ಲಗ್ ಕಿತ್ತು, ಬಾಗಿಲು ತೆರೆದಿಟ್ಟು, ರಾತ್ರಿಯೆಲ್ಲ ಕರಗಲು ಬಿಟ್ಟೆವು. ಬೆಳಿಗ್ಗೆ ಫ್ಯಾನ್ ತಿರುಗಿತು. ಬೋರ್ಡಿನ ದುಡ್ಡು ಉಳಿಯಿತು.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಕೋಡ್ ಬಂದರೆ ಆ ಭಾಗ ಸತ್ತೇ ಹೋಗಿದೆ ಅಂತಲ್ಲ. ಫ್ಯಾನ್ ತಿರುಗುತ್ತಿದೆ ಅನ್ನುವ ಸಿಗ್ನಲ್ ಬೋರ್ಡಿಗೆ ಬರುತ್ತಿರಬೇಕು. ಅದು ನಿಂತರೆ ಕೋಡ್ ಬೀಳುತ್ತದೆ. ಮೋಟಾರ್ ಸುಟ್ಟರೂ ಅದೇ ಕೋಡ್, ವೈರ್ ಸಡಿಲವಾದರೂ ಅದೇ, ಐಸ್ ಸಿಕ್ಕಿಕೊಂಡರೂ ಅದೇ. ಐಸ್ ಯಾಕೆ ಕಟ್ಟುತ್ತದೆ? ಬಾಗಿಲ ರಬ್ಬರ್ ಸಡಿಲವಾಗಿರಬಹುದು. ಡಿಫ್ರಾಸ್ಟ್ ನೀರು (ಫ್ರಿಜ್ ತಾನಾಗಿಯೇ ಕರಗಿಸುವ ಮಂಜಿನ ನೀರು) ಇಳಿಯುವ ತೂತು ಕಟ್ಟಿಕೊಂಡಿರಬಹುದು. ಡಿಫ್ರಾಸ್ಟ್ ಹೀಟರೇ ಕೆಲಸ ಮಾಡದೆ ಇರಬಹುದು. ಹಾಗಾಗಿ ಐಸ್ ಕರಗಿಸಿದ ಮೇಲೆ ಈ ಮೂರನ್ನೂ ನೋಡಿಸಿ, ಇಲ್ಲದಿದ್ದರೆ ಕೋಡ್ ಮತ್ತೆ ಬರುತ್ತದೆ.

ಕೋಡ್ ಓದುವುದರಲ್ಲೂ ಸ್ವಲ್ಪ ತೊಡಕಿದೆ. ಆ ಪುಟ್ಟ ಪರದೆಯಲ್ಲಿ ಅಂಕಿ 5, ಅಕ್ಷರ ಎಸ್ ಎರಡೂ ಒಂದೇ ತರಹ ಕಾಣುತ್ತವೆ. 1 ಮತ್ತು ಐ ಕೂಡ ಹಾಗೇ. ಎಲ್‌ಜಿಯಲ್ಲಿ ಐಸ್ ಫ್ಯಾನಿನ (ಐಸ್ ಮಾಡುವ ಭಾಗದ ಫ್ಯಾನ್) ಕೋಡ್ 'ಇಆರ್ ಐಎಫ್'. ಅದನ್ನು 1ಎಫ್ ಅಂತ ಓದುವವರೇ ಜಾಸ್ತಿ. ಸ್ಯಾಮ್‌ಸಂಗ್‌ನಲ್ಲಿ ಫ್ರಿಜ್ ಭಾಗದ ಫ್ಯಾನಿಗೆ ಹಳೆಯ ಮಾಡೆಲ್‌ಗಳಲ್ಲಿ 22ಇ ಅಂತ ಬಂದರೆ, ಹೊಸದರಲ್ಲಿ 22ಸಿ. ಕೊನೆಯ ಅಕ್ಷರ ಬೇರೆ, ತೊಂದರೆ ಒಂದೇ. ಪ್ಲಗ್ ಕೀಳುವ ಮೊದಲು ಪರದೆಯ ಫೋಟೋ ತೆಗೆದಿಟ್ಟುಕೊಳ್ಳಿ. ಕರೆಂಟ್ ಹೋಗಿ ಬಂದರೆ ಕೆಲವು ಕೋಡ್ ಅಳಿಸಿಹೋಗುತ್ತವೆ.

ಎಲ್ಲ ಕೋಡೂ ಕೆಟ್ಟ ಸುದ್ದಿಯಲ್ಲ. ಹೊಸ ಫ್ರಿಜ್‌ನಲ್ಲಿ ಲೈಟ್ ಉರಿಯುತ್ತಿದ್ದು ತಂಪೇ ಆಗದೆ, ಪರದೆಯಲ್ಲಿ 'ಓಎಫ್ ಓಎಫ್' ಅಥವಾ 'ಆಫ್' ಅಂತ ಬಂದರೆ ಅದು ಅಂಗಡಿಯ ಡೆಮೊ ಮೋಡ್, ಅಂದರೆ ತಂಪು ಮಾಡದೆ ಬರೀ ತೋರಿಸಲು ಇಟ್ಟ ಸ್ಥಿತಿ. ತೆಗೆದರೆ ಆಯಿತು.

ಈಗ ಅಕ್ಕನ ಮನೆಯ ಆ್ಯಪ್. ನನಗೆ ಅದರ ಮೇಲೆ ಸಿಟ್ಟಿರುವುದು ಒಂದೇ ಕಾರಣಕ್ಕೆ. ಆ ಫ್ರಿಜ್‌ನ ಬಾಗಿಲ ಮೇಲೆ ಬರೀ ಎಚ್ಚರಿಕೆಯ ಗುರುತು ಬರುತ್ತದೆ. ಏನಾಗಿದೆ ಅಂತ ತಿಳಿಯಲು ಆ್ಯಪ್ ತೆರೆಯಬೇಕು. ಅಕೌಂಟ್ ಇರುವುದು ಭಾವನ ನಂಬರಿನಲ್ಲಿ, ಅವರು ತಿಂಗಳಲ್ಲಿ ಅರ್ಧ ಹೊತ್ತು ಊರಲ್ಲಿ ಇರುವುದಿಲ್ಲ. ಅಕ್ಕನ ಮೊಬೈಲಿನಲ್ಲಿ ತೆರೆಯಲು ಹೋದರೆ ಓಟಿಪಿ ಭಾವನಿಗೆ ಹೋಗುತ್ತದೆ. ಅವರು ಮೀಟಿಂಗಿನಲ್ಲಿದ್ದರೆ ಆ ಓಟಿಪಿಯ ಹೊತ್ತು ಮುಗಿದು ಮತ್ತೆ ಮೊದಲಿನಿಂದ.

ಓಟಿಪಿ ದಾಟಿದರೆ ವೈಫೈ ಕಾಟ. ಮನೆಗೆ ಹೊಸ ರೂಟರ್ ಬಂದಾಗಿನಿಂದ ಫ್ರಿಜ್ ಅದಕ್ಕೆ ಸೇರಲೇ ಇಲ್ಲ. ಇಂಥ ಯಂತ್ರಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಹೊಸ ರೂಟರ್ 2.4, 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತಿತ್ತು. ಅವನ್ನು ಬೇರೆ ಮಾಡಲು ಇಂಟರ್ನೆಟ್ ಹುಡುಗನನ್ನು ಕರೆಸಬೇಕಾಯಿತು. ಇಷ್ಟೆಲ್ಲ ಆದ ಮೇಲೆ ಆ್ಯಪ್ ಹೇಳಿದ್ದು 'ಸರ್ವೀಸ್ ಸೆಂಟರ್ ಸಂಪರ್ಕಿಸಿ' ಅಂತ. ಕೋಡ್ ಇಲ್ಲ, ಯಾವ ಭಾಗ ಅಂತಲೂ ಇಲ್ಲ. ಒಳಗೆ ಮೀನು, ಮಾವಿನ ತಿರುಳು ಎಲ್ಲ ಕರಗುತ್ತಿತ್ತು. ಇದು ಸರಿಯಲ್ಲ. ಯಂತ್ರಕ್ಕೆ ಗೊತ್ತಿರುವುದನ್ನು ಅದರ ಮುಂದೆ ನಿಂತವರಿಂದ ಮುಚ್ಚಿಡಬಾರದು.

ಆ್ಯಪ್‌ನ ಒಂದು ಒಳ್ಳೆಯ ಗುಣ: ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ತೆರೆದಿದ್ದರೆ ತಿಳಿಸುತ್ತದೆ.

ದೀಪ ಮಿಣುಕುವ ಬಗೆ ಮನೆಯವರಿಗೆ ಅಲ್ಲ. ಫ್ರಿಜ್ ಎಳೆದು, ಹಿಂದಿನ ತಗಡು ಬಿಚ್ಚಿ, ಕರೆಂಟ್ ಇರುವಾಗಲೇ ದೀಪ ಎಷ್ಟು ಸಲ ಮಿಣುಕಿತು ಅಂತ ಎಣಿಸಬೇಕು. ಅದನ್ನು ಮೆಕ್ಯಾನಿಕ್‌ಗೆ ಬಿಡಿ.

ಡಿಶ್‌ವಾಷರ್‌ನಲ್ಲೂ ನನಗೆ ಪರದೆಯೇ ಇಷ್ಟ. ಬಾಶ್‌ನಲ್ಲಿ ಇ15 ಅಂದರೆ ತಳದ ತಟ್ಟೆಗೆ ನೀರು ಇಳಿದಿದೆ, ಇ24 ಅಂದರೆ ನೀರು ಹೊರಹೋಗುತ್ತಿಲ್ಲ. ಇ24ಕ್ಕೆ ಮೊದಲು ಫಿಲ್ಟರ್ ತೊಳೆದು, ಪೈಪ್ ಮಡಚಿದೆಯಾ ನೋಡಬೇಕು. ಇ18 ಅಂದರೆ ನೀರು ಸಾಕಷ್ಟು ಬರುತ್ತಿಲ್ಲ. ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯವರು ಮೊದಲು ನಲ್ಲಿಯ ಒತ್ತಡ ನೋಡಿಕೊಳ್ಳಿ.

ನಮ್ಮ ಮನೆಯಲ್ಲಿ ಹಗಲು ಇರುವವರು ಅಮ್ಮ ಮಾತ್ರ. ಅವರು ಆ್ಯಪ್ ಮುಟ್ಟುವುದಿಲ್ಲ, ಆದರೆ ಪರದೆಯ ಮೇಲಿನದನ್ನು ಫೋನಿನಲ್ಲಿ ಓದಿ ಹೇಳುತ್ತಾರೆ. ವೈಫೈ ಮಾಡೆಲ್‌ಗೆ ಕೇಳುವ ಹೆಚ್ಚಿನ ಹಣವನ್ನು ನಾನು ವಾರಂಟಿ ವಿಸ್ತರಣೆಗೆ ಹಾಕುತ್ತೇನೆ. ಆ್ಯಪ್ ಇರುವುದೇ ಬೇಕು ಅನ್ನುವವರು, ದುಡ್ಡು ಕೊಡುವ ಮೊದಲು ಶೋರೂಮಿನಲ್ಲಿ ಒಂದು ಪ್ರಶ್ನೆ ಕೇಳಿ: ವೈಫೈ ಇಲ್ಲದಾಗ ಇದು ಕೋಡ್ ಎಲ್ಲಿ ತೋರಿಸುತ್ತದೆ? ಮಾರುವವರು ತಡಕಾಡಿದರೆ ಪಕ್ಕದ ಮಾಡೆಲ್ ನೋಡಿ.