ರೋಜರ್‌ಹಬ್ ಫೈನಲ್ ಗ್ರೇಡ್ ಕ್ಯಾಲ್ಕುಲೇಟರ್: ನಮ್ಮ ಸಿಐಇ ಲೆಕ್ಕಕ್ಕೆ ಎಷ್ಟು ಒಗ್ಗುತ್ತದೆ?

ಇಂಟರ್ನಲ್ಸ್ (ಸಿಐಇ, ಅಂದರೆ ಸೆಮಿಸ್ಟರ್ ನಡೆಯುವಾಗ ಕಾಲೇಜೇ ಕೊಡುವ ಆಂತರಿಕ ಅಂಕ) ಹೊರಬಿದ್ದ ದಿನದಿಂದ ಪೊನ್ನಂಪೇಟೆಯ ಹಾಸ್ಟೆಲ್‌ಗಳಲ್ಲೂ ಕುಶಾಲನಗರದ ಪಿಜಿಗಳಲ್ಲೂ ಓಡಾಡುವ ಪ್ರಶ್ನೆ ಒಂದೇ: "ಎ ಪ್ಲಸ್ ಬರಬೇಕಾದ್ರೆ ಪೇಪರಲ್ಲಿ ಎಷ್ಟು ತೆಗೀಬೇಕು?" ಇದಕ್ಕೆ ಉತ್ತರ ಕೊಡುವ ಉಚಿತ ಪುಟಗಳಲ್ಲಿ ರೋಜರ್‌ಹಬ್ ಹಳೆಯದು, ಸರಳವಾದದ್ದು. ಅಲ್ಲಿ ಮುಖ್ಯವಾಗಿ ಮೂರು ಖಾನೆಗಳಿವೆ. ಈವರೆಗೆ ಬಂದಿರುವ ಶೇಕಡಾವಾರು, ಬೇಕಾದ ಶೇಕಡಾವಾರು, ಒಟ್ಟು ಅಂಕದಲ್ಲಿ ಅಂತಿಮ ಪರೀಕ್ಷೆಯ ಪಾಲು. ತುಂಬಿದರೆ ಪರೀಕ್ಷೆಯಲ್ಲಿ ತೆಗೆಯಬೇಕಾದ ಶೇಕಡಾ ಬರುತ್ತದೆ. ಅಮೆರಿಕದ ಶಾಲಾ ಕಾಲೇಜುಗಳ ಪದ್ಧತಿಗೆ ಮಾಡಿದ ಲೆಕ್ಕ ಇದು. ಗಣಿತದಲ್ಲಿ ಒಂದು ತಪ್ಪೂ ಇಲ್ಲ. ಆದರೆ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ನಿಯಮಗಳು ಅದಕ್ಕೆ ಗೊತ್ತಿಲ್ಲ. ಅದನ್ನು ತಿಳಿಯದೆ ನಂಬಿದರೆ ಒಂದು ಸಬ್ಜೆಕ್ಟ್ ಫೇಲಾಗಿ ಬ್ಯಾಕ್ ಉಳಿಯುವಷ್ಟು ದಾರಿ ತಪ್ಪಬಹುದು.

2022ರ ಸ್ಕೀಮಿನ (ಪಠ್ಯಕ್ರಮದ) ಥಿಯರಿ ಸಬ್ಜೆಕ್ಟಿನಲ್ಲಿ ಸಿಐಇಗೆ 50, ಎಸ್‌ಇಇಗೆ (ಸೆಮಿಸ್ಟರ್ ಕೊನೆಯ ಪರೀಕ್ಷೆಗೆ) 50. ಪೇಪರ್ ಬರೆಯುವುದು 100 ಅಂಕಕ್ಕೆ, ಆಮೇಲೆ ಅದು 50ಕ್ಕೆ ಇಳಿಯುತ್ತದೆ. ಸಿಐಇ 38 ಇದೆ, ಎ ಪ್ಲಸ್‌ಗೆ ಬೇಕಾದ 80 ಮುಟ್ಟಬೇಕು ಎಂದಿಟ್ಟುಕೊಳ್ಳಿ. ಮೊದಲ ಖಾನೆಗೆ 76 ಹಾಕಬೇಕು, ಯಾಕೆಂದರೆ 50ಕ್ಕೆ 38 ಅಂದರೆ ಶೇ. 76. ಎರಡನೆಯದಕ್ಕೆ 80, ಮೂರನೆಯದಕ್ಕೆ 50. ಉತ್ತರ 84 ಬರುತ್ತದೆ, ಅದು ಸರಿ. ಹೆಚ್ಚಿನವರು ಎಡವುವುದು ಮೊದಲ ಖಾನೆಯಲ್ಲೇ: ಕೈಯಲ್ಲಿರುವ 38ನ್ನು ಹಾಗೇ ತುಂಬುತ್ತಾರೆ. ಆಗ ಪುಟ 122 ತೋರಿಸುತ್ತದೆ. ಎ ಪ್ಲಸ್ ಸಿಗಬಹುದಾಗಿದ್ದವರು ಅದನ್ನು ನೋಡಿ ಆಸೆಯನ್ನೇ ಬಿಡುತ್ತಾರೆ.

ಅದೇ 38 ಇಟ್ಟುಕೊಂಡು ಓ ಗ್ರೇಡಿಗೆ 90 ಕೇಳಿದರೆ 104 ಬರುತ್ತದೆ. ಇಲ್ಲಿ ಪುಟ ಸುಳ್ಳು ಹೇಳುತ್ತಿಲ್ಲ. ಸಿಐಇ 40 ಮುಟ್ಟದವರಿಗೆ ಆ ಸಬ್ಜೆಕ್ಟಿನಲ್ಲಿ ಓ ಇಲ್ಲ, 38 ಇದ್ದವರು ಪೇಪರಿನಲ್ಲಿ ನೂರಕ್ಕೆ ನೂರು ತೆಗೆದರೂ 88ಕ್ಕೇ ನಿಲ್ಲುತ್ತದೆ.

ನಿಜವಾದ ಅಪಾಯ ಇರುವುದು ಕೆಳಗಿನ ಕೊನೆಯಲ್ಲಿ. ಸಿಐಇ 45 ಇದ್ದವರು ಬರೀ ಪಾಸಿಗೆ, ಅಂದರೆ 40ಕ್ಕೆ ಲೆಕ್ಕ ಹಾಕಿದರೆ ಉತ್ತರ ಮೈನಸ್ 10. ಪರೀಕ್ಷೆಗೆ ಓದುವುದೇ ಬೇಡ ಅನ್ನಿಸುತ್ತದೆ. ಆದರೆ ಎಸ್‌ಇಇಯಲ್ಲಿ ಪ್ರತ್ಯೇಕವಾಗಿ 50ಕ್ಕೆ 18 ಬರಲೇಬೇಕು, ಪೇಪರಿನ ಲೆಕ್ಕದಲ್ಲಿ ಶೇ. 35. ಅದು ಬರದಿದ್ದರೆ ಸಿಐಇಯಲ್ಲಿ 45 ಇದ್ದರೂ ಎಫ್, ಅಂದರೆ ಫೇಲ್. ಇನ್ನೊಂದು ಕಡೆ, ಸಿಐಇ 18 ಇರುವವರಿಗೆ ಇದೇ ಪುಟ "44 ತೆಗೆದರೆ ಪಾಸ್" ಅನ್ನುವಂತೆ ಉತ್ತರ ಕೊಡುತ್ತದೆ. ಸಿಐಇಯಲ್ಲಿ 20 ಇಲ್ಲದವರು ಆ ಸಬ್ಜೆಕ್ಟಿನ ಪರೀಕ್ಷೆಗೆ ಕೂರುವ ಹಾಗೇ ಇಲ್ಲ. ಮೂರನೆಯ ಅಪಾಯ ಇನ್ನೂ ಸಣ್ಣದು, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ: ಸಿಐಇ 20, ಎಸ್‌ಇಇ 18, ಎರಡೂ ಕಡೆ ಕನಿಷ್ಠ ಬಂದಿದೆ, ಆದರೆ ಕೂಡಿದರೆ 38. ಒಟ್ಟು 40 ಆಗದೆ ಪಾಸಿಲ್ಲ. ಸಿಐಇ 20 ಇರುವವರು ಪೇಪರಿನಲ್ಲಿ 40 ತೆಗೆಯಬೇಕು, 35 ಸಾಲದು.

ಹಾಗಾಗಿ ವಿಟಿಯು ಮಕ್ಕಳಿಗೆ ಈ ಪುಟಕ್ಕಿಂತ ಒಂದು ಸಾಲಿನ ಲೆಕ್ಕ ಮೇಲು. ಬೇಕಾದ ಒಟ್ಟು ಅಂಕದಿಂದ ಸಿಐಇ ಕಳೆಯಿರಿ, ಉಳಿದದ್ದನ್ನು ಎರಡರಿಂದ ಗುಣಿಸಿ. ಉತ್ತರ 35ಕ್ಕಿಂತ ಕಡಿಮೆ ಬಂದರೆ 35 ಎಂದು ಬರೆದುಕೊಳ್ಳಿ, 100 ಮೀರಿದರೆ ಒಂದು ಗ್ರೇಡ್ ಕೆಳಗಿಳಿದು ಮತ್ತೆ ಹಾಕಿ. ಒಂದೊಂದು ಗ್ರೇಡಿಗೂ ಬೇಕಾದ ಒಟ್ಟು ಅಂಕ ಇವು: ಓ 90, ಎ ಪ್ಲಸ್ 80, ಎ 70, ಬಿ ಪ್ಲಸ್ 60, ಬಿ 55, ಸಿ 50, ಪಿ 40. ಬಂದ ಉತ್ತರದ ಮೇಲೆ ನಾಲ್ಕೈದು ಅಂಕ ಸೇರಿಸಿಕೊಂಡೇ ಓದಬೇಕು. ಅರ್ಧ ಅಂಕ ಮೇಲಕ್ಕೆ ಹೋದೀತು ಎಂಬ ಭರವಸೆಯಲ್ಲಿ 84ರ ಬದಲು 83ಕ್ಕೆ ಗುರಿ ಇಡುವುದು ಬೇಡ.

ಬಂದ ಸಂಖ್ಯೆಯನ್ನು ಪ್ರಶ್ನೆಪತ್ರಿಕೆಯ ರಚನೆಗೆ ಹೊಂದಿಸಿ ನೋಡುವುದನ್ನು ಯಾವ ಕ್ಯಾಲ್ಕುಲೇಟರೂ ಮಾಡುವುದಿಲ್ಲ. ಐದು ಮಾಡ್ಯೂಲ್ (ಪಠ್ಯದ ಭಾಗ), ಒಂದೊಂದರಲ್ಲೂ 20 ಅಂಕದ ಎರಡು ಪ್ರಶ್ನೆ, ಅದರಲ್ಲಿ ಒಂದನ್ನು ಪೂರ್ತಿ ಬರೆಯಬೇಕು. 84 ಅಂದರೆ ಪ್ರತಿ ಮಾಡ್ಯೂಲಿನಲ್ಲೂ ಸುಮಾರು 17. ಕಷ್ಟ ಅಂತ ಒಂದು ಮಾಡ್ಯೂಲ್ ಬಿಟ್ಟು ಓದಿದರೆ ಉಳಿದ ನಾಲ್ಕರಲ್ಲಿ ಒಂದಂಕವೂ ಹೋಗದಿದ್ದರೂ 80, ಅಂದರೆ ಎಸ್‌ಇಇ 40. ಸಿಐಇ 38 ಇದ್ದರೆ ಒಟ್ಟು 78, ಎ ಮಾತ್ರ. ಸಿಐಇ 38 ಇಟ್ಟುಕೊಂಡು ಎ ಪ್ಲಸ್ ಬೇಕೆಂದವರು ಮಾಡ್ಯೂಲ್ ಬಿಡುವ ಯೋಚನೆಯನ್ನು ಇಲ್ಲೇ ಕೈಬಿಡಬೇಕು. ಬರೀ ಪಾಸಿನ ಗುರಿಯವರಿಗೆ ಇದೇ ಲೆಕ್ಕ ಧೈರ್ಯ ಕೊಡುತ್ತದೆ: ಮೂರು ಮಾಡ್ಯೂಲ್ ಗಟ್ಟಿಯಾಗಿ ಓದಿ ತಲಾ 14 ತೆಗೆದರೆ 42.

ಪುಟ ಕೇಳುವ "ಈವರೆಗಿನ ಶೇಕಡಾ" ಇನ್ನೊಂದು ಕಡೆಯೂ ಮೋಸ ಮಾಡುತ್ತದೆ. ಟೆಸ್ಟ್‌ಗಳಲ್ಲಿ 25ಕ್ಕೆ 19 ಬಂದಿದೆ, ಅಸೈನ್‌ಮೆಂಟಿನ 25 ಇನ್ನೂ ಬಾಕಿ ಎಂದುಕೊಳ್ಳಿ. 76 ಅಂತ ತುಂಬಿದರೆ ಅಸೈನ್‌ಮೆಂಟಿನಲ್ಲೂ 19 ಬರುತ್ತದೆ ಎಂದೇ ಅದು ಲೆಕ್ಕ ಹಿಡಿಯುತ್ತದೆ. ಅಲ್ಲಿ 23 ಬಂದರೆ ಸಿಐಇ 42. ಎ ಪ್ಲಸ್‌ಗೆ ಪೇಪರಿನಲ್ಲಿ 84ರ ಬದಲು 76 ಸಾಕು, ಮುಚ್ಚಿದ್ದ ಓ ಗ್ರೇಡೂ 96ಕ್ಕೆ ತೆರೆಯುತ್ತದೆ. ಅಸೈನ್‌ಮೆಂಟಿನ ನಾಲ್ಕು ಅಂಕ ಪೇಪರಿನ ಎಂಟಕ್ಕೆ ಸಮ. ಈ ಲೆಕ್ಕ ಹಾಕಬೇಕಾದದ್ದು ಸಿಐಇ ಅಂತಿಮಗೊಳ್ಳುವ ಮುಂಚೆ. ಹಾಲ್ ಟಿಕೆಟ್ ಕೈಗೆ ಬಂದ ಮೇಲೆ ಹಾಕಿದರೆ ಬದಲಿಸಲು ಉಳಿಯುವುದು ಪೇಪರ್ ಒಂದೇ.

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲಿನ ಪದವಿ ಕಾಲೇಜುಗಳವರಿಗೆ ಈ ಪುಟ ಹೆಚ್ಚು ಉಪಯೋಗ, ಯಾಕೆಂದರೆ ಅಲ್ಲಿ ಬರೀ ಎರಡರಿಂದ ಗುಣಿಸಿದರೆ ಆಗುವುದಿಲ್ಲ. ಇಂಟರ್ನಲ್ 40, ಪರೀಕ್ಷೆ 60 ಇರುವ ಪೇಪರಿನಲ್ಲಿ 31 ಬಂದಿದ್ದು, ಒಟ್ಟು 75 ಬೇಕಾದರೆ 77.5, 75, 60 ಎಂದು ತುಂಬಬೇಕು. ಉತ್ತರ 73.33. ಇದು ಶೇಕಡಾ, ಅಂಕವಲ್ಲ. 60 ಅಂಕದ ಪೇಪರಿನಲ್ಲಿ ಅದು 44. ಇಂಟರ್ನಲ್ 20, ಪರೀಕ್ಷೆ 80 ಇದ್ದರೆ ಮೂರನೇ ಖಾನೆಗೆ 80. ಪರೀಕ್ಷೆಯಲ್ಲಿ ಪ್ರತ್ಯೇಕ ಕನಿಷ್ಠ ಎಷ್ಟೆಂದು ನಿಮ್ಮ ಬ್ಯಾಚಿನ ನಿಯಮಾವಳಿಯಲ್ಲೇ ನೋಡಿಕೊಳ್ಳಿ.

ಎಸ್‌ಜಿಪಿಎ (ಸೆಮಿಸ್ಟರಿನ ಸರಾಸರಿ ಗ್ರೇಡ್ ಪಾಯಿಂಟ್) ಏರಿಸುವ ಯೋಚನೆ ಇದ್ದವರಿಗೆ ಇದು ಏನೂ ಹೇಳುವುದಿಲ್ಲ. ಸೆಮಿಸ್ಟರಿಗೆ 20 ಕ್ರೆಡಿಟ್ ಇದ್ದರೆ 4 ಕ್ರೆಡಿಟ್ ಸಬ್ಜೆಕ್ಟ್ ಎಯಿಂದ ಎ ಪ್ಲಸ್‌ಗೆ ಹೋದಾಗ 0.2 ಏರುತ್ತದೆ, 1 ಕ್ರೆಡಿಟ್ಟಿನದಾದರೆ 0.05. ಗಡಿಗೆ ಹತ್ತಿರ ಇರುವ ದೊಡ್ಡ ಕ್ರೆಡಿಟ್ ಸಬ್ಜೆಕ್ಟನ್ನು ಮೊದಲು ಹಿಡಿಯಬೇಕು.

ಇಂಟರ್‌ನೆಟ್ ಇಲ್ಲದೆ ಪುಟ ತೆರೆಯುವುದಿಲ್ಲ ಎಂಬುದೂ ನಮ್ಮ ಕಡೆ ಸಣ್ಣ ವಿಷಯವಲ್ಲ. ಮಳೆಗಾಲದಲ್ಲಿ ಭಾಗಮಂಡಲ, ನಾಪೋಕ್ಲು ಕಡೆ ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಸಬ್ಜೆಕ್ಟ್, ಸಿಐಇ, ಗುರಿ, ಪೇಪರಿನ ಅಂಕ ಎಂದು ನಾಲ್ಕು ಕಾಲಂ ಮಾಡಿ, ನೆಟ್ ಇರುವಾಗಲೇ ಆ ಫೈಲನ್ನು ಆಫ್‌ಲೈನ್‌ಗೆ ಇಟ್ಟುಕೊಳ್ಳಿ. ಕಾಗದದ ಮೇಲೂ ಇದು ಐದು ನಿಮಿಷದ ಕೆಲಸ.

ಪದವಿಯವರಿಗೆ ಐದಕ್ಕೆ ನಾಲ್ಕು ಕೊಡಬಹುದು. ವಿಟಿಯುನವರಿಗೆ ಎರಡು, ಅದೂ 35ರ ನಿಯಮ ನೆನಪಿಟ್ಟುಕೊಂಡು ಬಳಸಿದರೆ ಮಾತ್ರ.